ಅಮ್ಮನ ಫೋಟೋ: ಮೊಬೈಲಾ, ಸ್ಟುಡಿಯೋನಾ?

ಅಮ್ಮನಿಗೆ 70 ತುಂಬಿತು, ಚಾವಡಿಯ ಗೋಡೆಗೆ ಒಂದು ಒಳ್ಳೆ ಫೋಟೋ ಬೇಕಿತ್ತು. ಮೊದಲು ಮನೆಯಲ್ಲೇ ಮೊಬೈಲಲ್ಲಿ ತೆಗೆದೆ. ಆಮೇಲೆ ಉಡುಪಿಯ ರಥಬೀದಿ ಹತ್ತಿರದ ಹಳೇ ಸ್ಟುಡಿಯೋಗೆ ಕರೆದುಕೊಂಡು ಹೋದೆ. ಎರಡೂ ಕಡೆ ಅದೇ ಸೀರೆ, ಅದೇ ಕನ್ನಡಕ, ತುರುಬಿಗೆ ಒಂದು ಚೆಂಡು ಶಂಕರಪುರ ಮಲ್ಲಿಗೆ.

ಮೊಬೈಲಿನ ಪೋರ್ಟ್ರೇಟ್ ಮೋಡ್ (ಹಿಂದಿನದ್ದನ್ನು ಮಸುಕು ಮಾಡುವುದು) ಫೋಟೋ ಸ್ಕ್ರೀನಲ್ಲಿ ನೋಡಲಿಕ್ಕೆ ಚಂದ. ಬಟ್ಟೆ ಹಗ್ಗ, ಗ್ಯಾಸ್ ಸಿಲಿಂಡರ್ ಎಲ್ಲ ಮಸುಕು. ಆದರೆ ಹಿಗ್ಗಿಸಿ ನೋಡಿದರೆ ಮಲ್ಲಿಗೆಯೂ ಅರ್ಧ ಮಾಯ! ಇಲ್ಲಿ ಮಸುಕು ಮಾಡುವುದು ಸಾಫ್ಟ್‌ವೇರ್. ಯಾವುದು ಮನುಷ್ಯ, ಯಾವುದು ಹಿಂದಿನ ಗೋಡೆ ಅಂತ ಅದೇ ಅಂದಾಜು ಮಾಡಿ ಕತ್ತರಿಸುತ್ತದೆ, ಪಾಪ ಅದಕ್ಕೆ ಹೂವು ಗೋಡೆಯಾಗಿ ಕಂಡಿದೆ. ಮೂಗೂ ಸ್ವಲ್ಪ ದಪ್ಪ ಬಂತು. ಮೊಬೈಲಿನ ಮುಖ್ಯ ಲೆನ್ಸ್ ಸುಮಾರು 24–26 ಎಂಎಂ ಲೆಕ್ಕದ್ದು, ಅಂದರೆ ಅಗಲ ನೋಟದ್ದು, ಮುಖ ತುಂಬಬೇಕಾದರೆ ತೀರಾ ಹತ್ತಿರ ಹೋಗಬೇಕು, ಹೋದರೆ ಮುಂದೆ ಇದ್ದದ್ದು ದೊಡ್ಡದಾಗಿಯೇ ಕಾಣುವುದು. ನಾಲ್ಕು ಹೆಜ್ಜೆ ಹಿಂದೆ ಹೋಗಿ ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸಲ್ಲಿ ತೆಗೆದದ್ದು ಎಷ್ಟೋ ವಾಸಿ.

ಸ್ಟುಡಿಯೋದವರು 85 ಎಂಎಂ ಲೆನ್ಸ್ ಹಾಕಿ ಆರೇಳು ಅಡಿ ದೂರ ನಿಂತರು. "ಈಗ ಬರುವುದೆಲ್ಲ ಪಾಸ್‌ಪೋರ್ಟ್ ಸೈಜಿಗೆ ಮಾರಾಯ್ರೆ" ಅಂತ ಸ್ಟೂಲಿನ ಧೂಳು ಒರೆಸಿದರು. ಗಾಜಿನ ಕಪಾಟಿನಲ್ಲಿ ಹಳೇ ಯಾಶಿಕಾ ಫಿಲ್ಮ್ ಕ್ಯಾಮೆರಾ ಇತ್ತು. ಅದರ 120 ಫಿಲ್ಮ್ ರೋಲಿಗೆ 12 ಫೋಟೋ ಅಷ್ಟೇ, ಹಾಗಾಗಿ ಅವರಿಗೆ ಕ್ಲಿಕ್ ಮಾಡುವ ಮೊದಲೇ ಎಲ್ಲ ಸರಿಮಾಡುವ ಅಭ್ಯಾಸ. ಅಮ್ಮನ ಕನ್ನಡಕದಲ್ಲಿ ಲೈಟು ಹೊಳೆಯುತ್ತಿತ್ತು. ಅವರು ಬಂದು ಕನ್ನಡಕದ ಕಡ್ಡಿಗಳನ್ನು ಕಿವಿಯಿಂದ ಒಂಚೂರು ಮೇಲೆತ್ತಿ ಇಟ್ಟರು, ಗಾಜು ಕೆಳಗೆ ವಾಲಿತು, ಹೊಳಪು ಹೋಯಿತು. ನಾನು 63 ಫೋಟೋ ತೆಗೆದರೂ ಈ ಉಪಾಯ ನನಗೆ ಹೊಳೆದಿರಲಿಲ್ಲ. ಅವರು ತೆಗೆದದ್ದು ಒಂಬತ್ತೇ.

ಆದರೆ ಕಂಪ್ಯೂಟರಲ್ಲಿ ಕೂತ ಹುಡುಗ ಅಮ್ಮನನ್ನು ಬೆಳ್ಳಗೆ ಮಾಡಿಬಿಟ್ಟಿದ್ದ, ಗಲ್ಲದ ಮಚ್ಚೆಯೂ ಇಲ್ಲ. ನನ್ನ ಮೊಬೈಲೂ ಕೇಳದೆ ಇದನ್ನೇ ಮಾಡಿತ್ತು. ಮಚ್ಚೆ ವಾಪಸ್ ಹಾಕಿ ಅಂತ ಹೇಳಿ ಹಾಕಿಸಿಕೊಂಡೆ.

ಪ್ರಿಂಟಿನಲ್ಲಂತೂ ಸ್ಟುಡಿಯೋದ್ದೇ ಗೆದ್ದಿತು. ಅದಕ್ಕೆ ಅರ್ಧ ಕಾರಣ ನಾನೇ. 12×18 ಇಂಚಿಗೆ, 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ, 3600×5400 ಪಿಕ್ಸೆಲ್ ಬೇಕು. ನಾನು ವಾಟ್ಸಾಪಲ್ಲಿ ಮಾಮೂಲಿಯಾಗಿ ಕಳಿಸಿದ್ದೆ, ಅದು ಕುಗ್ಗಿಸಿ ಉದ್ದದ ಬದಿ 1600ಕ್ಕೆ ಇಳಿಸಿತ್ತು. ನೀವು ಡಾಕ್ಯುಮೆಂಟ್ ಮಾಡಿ ಕಳಿಸಿ. ಖರ್ಚು? ಸ್ಟುಡಿಯೋದಲ್ಲಿ ಫ್ರೇಮ್ ಸೇರಿ 1,400 ರೂಪಾಯಿ, ನನಗೇನೂ ಜಾಸ್ತಿ ಅನಿಸಲಿಲ್ಲ.

ಒಂದೇ ವಿಷಯ, ಸ್ಟುಡಿಯೋದಲ್ಲಿ ಅಮ್ಮ ಬ್ಯಾಂಕ್ ಮ್ಯಾನೇಜರ್ ಎದುರು ಕೂತ ಹಾಗೆ ಕೂತಿದ್ದಾರೆ. ಮೊಬೈಲಿನ 41ನೇ ಫೋಟೋದಲ್ಲಿ ಬೆಕ್ಕು ಸೆರಗು ಎಳೆದದ್ದಕ್ಕೆ ಬಾಯಿ ತುಂಬ ನಗುತ್ತಿದ್ದಾರೆ.

ಗೋಡೆಗೆ ಹಾಕಿದ್ದು ಸ್ಟುಡಿಯೋ ಫೋಟೋ. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, "ಲಾಯ್ಕುಂಟು, ನಾನು ಹೋದ ಮೇಲೆ ಪೇಪರಿಗೆ ಕೊಡ್ಲಿಕ್ಕೂ ಆಯ್ತು" ಅಂದರು. ನಗುವ ಫೋಟೋ ಈಗ ಅವರ ಡಿಪಿ, ಅರ್ಧ ಮಲ್ಲಿಗೆ ಸಮೇತ.