ಮೂರು ಚಳಿಗಾಲ, ಒಂದು ರೂಫ್ ಟೆಂಟ್ ಮತ್ತು ಏಣಿ ಹತ್ತದ ನಾಯಿ

ಏಣಿಯ ಬಗ್ಗೆ ನನಗೆ ಯಾರೂ ಹೇಳಲಿಲ್ಲ. ರೂಫ್ ಟೆಂಟ್ ಎಂದರೆ ಗಾಡಿಯ ಮಾಡಿನ ಮೇಲೆ ಬಿಚ್ಚಿಕೊಳ್ಳುವ, ಏಣಿ ಹತ್ತಿ ಮಲಗುವ ಡೇರೆ. ಅದರ ಬಟ್ಟೆ ಎಷ್ಟು ದಪ್ಪ, ಎಷ್ಟು ಮಳೆ ತಡೆಯುತ್ತದೆ, ಎಷ್ಟು ನಿಮಿಷದಲ್ಲಿ ಬಿಚ್ಚಿಕೊಳ್ಳುತ್ತದೆ ಎಂಬುದೆಲ್ಲ ಎಲ್ಲ ಕಡೆಯೂ ಸಿಗುತ್ತದೆ. ನಾನೂ ಓದಿಕೊಂಡೇ ಕೊಂಡವನು. ಹೊಸದರ ಬೆಲೆ ನಮ್ಮ ಅಳವಿನದಲ್ಲ. ಪುಣೆಯಲ್ಲಿ ಒಬ್ಬರು ಎರಡೇ ಸಲ ಬಳಸಿದ್ದನ್ನು 52,000 ರೂಪಾಯಿಗೆ ಬಿಟ್ಟುಕೊಟ್ಟರು. ಸೋಲಾಪುರಕ್ಕೆ ತಂದು, ಬೊಲೆರೊ ಮೇಲಿನ ಕ್ಯಾರಿಯರ್‌ಗೆ ಬಿಗಿದು, ಅಂಗಳದಲ್ಲೇ ಒಮ್ಮೆ ಬಿಚ್ಚಿದೆವು. ಮಗಳು ಸರಸರನೆ ಹತ್ತಿ ಕಿಟಕಿಯಿಂದ ಇಣುಕಿದಳು. ಕೆಳಗಿದ್ದ ಮಿಂಚಿ ಏಣಿಯನ್ನು ಬುಡದಿಂದ ಮೂಸಿ, ನನ್ನ ಮುಖವನ್ನೊಮ್ಮೆ ನೋಡಿ, ಹೋಗಿ ಗೇಟಿನ ಬಳಿ ಮಲಗಿಬಿಟ್ಟಳು. ನನಗೆ ಆಗಲೇ ತಿಳಿಯಬೇಕಿತ್ತು.

ಮಿಂಚಿ ಮುಧೋಳ ನಾಯಿ. ಭೀಮೆಯ ಆಚೆ, ಬಾಗಲಕೋಟೆ ಕಡೆಯವರು ಮುಧೋಳ ಎನ್ನುವ ಈ ತಳಿಗೆ ಈಚೆ ಮಹಾರಾಷ್ಟ್ರದಲ್ಲಿ ಕಾರವಾನ್ ಎಂದು ಹೆಸರು. ಹೆಸರಿನಲ್ಲೇ ಕಾರವಾನ್ ಇಟ್ಟುಕೊಂಡವಳು ನಮ್ಮ ಬಡ ಕಾರವಾನನ್ನು ಹತ್ತಲು ಒಪ್ಪಲಿಲ್ಲ. 2005ರಲ್ಲಿ ಅಂಚೆಚೀಟಿ ಹತ್ತಿದ ಕುಲ, ಏಳು ಮೆಟ್ಟಿಲಿನ ಅಲ್ಯೂಮಿನಿಯಂ ಏಣಿಯ ಮುಂದೆ ಸೋತಿತು. ತಪ್ಪು ಅವಳದಲ್ಲ. ಕಡ್ಡಿಯಂಥ ಉದ್ದ ಕಾಲು, ಆಳವಾದ ಎದೆ, ಅದರ ಮೇಲೆ ಮೆಟ್ಟಿಲ ನಡುವಿನ ಖಾಲಿ ಜಾಗದಲ್ಲಿ ನೆಲ ಕಾಣುತ್ತದೆ.

ಹಾಗಾದರೆ ಕೆಳಗೆ ಕಟ್ಟಿ ಮಲಗಿ ಎನ್ನಬಹುದು. ನಾವು ಹೋಗುವುದು ಭೀಮೆಗೆ ಕಟ್ಟಿದ ಉಜನಿ ಅಣೆಕಟ್ಟಿನ ಹಿನ್ನೀರಿಗೆ, ಇಂದಾಪುರ, ಭಿಗವಣದ ಕಡೆಗೆ. ದಂಡೆಯುದ್ದಕ್ಕೂ ಕಬ್ಬು. ಕಬ್ಬಿನಲ್ಲಿ ಚಿರತೆಗೆ ಮನೆ ಮಾಡಿಕೊಳ್ಳಲು ಕಷ್ಟವಿಲ್ಲ. 2020ರ ಡಿಸೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಕರಮಾಳಾ ತಾಲ್ಲೂಕಿನಲ್ಲಿ ಚಿರತೆ ಮನುಷ್ಯರನ್ನೇ ಕೊಂದಿತ್ತು. ಕಬ್ಬಿನ ಮಗ್ಗುಲಲ್ಲಿ ರಾತ್ರಿ ನಾಯಿಯನ್ನು ಕಟ್ಟಿಹಾಕುವುದೆಂದರೆ ಊಟಕ್ಕೆ ಎಲೆ ಹಾಕಿದಂತೆ. ಸಾಲದ್ದಕ್ಕೆ ಈ ತಳಿಯ ಮೈಯಲ್ಲಿ ಕೊಬ್ಬೂ ಇಲ್ಲ, ಕೂದಲೂ ಇಲ್ಲ. ಜನವರಿಯ ಕುಳಿರ್ಗಾಳಿಗೆ ಎಲೆಯಂತೆ ನಡುಗುತ್ತಾಳೆ.

ಮೊದಲ ಚಳಿಗಾಲ ನಾನೇ ಹೊತ್ತೆ. ಇಪ್ಪತ್ಮೂರು ಕಿಲೋ ನಾಯಿ ಹೆಗಲ ಮೇಲೆ, ಒಂದು ಕೈ ಏಣಿಗೆ, ಹೆಂಡತಿ ಹಿಂದಿನಿಂದ "ನಿಧಾನ, ನಿಧಾನ" ಎನ್ನುತ್ತ. ಹತ್ತುವುದು ಹೇಗೋ ಆಗುತ್ತಿತ್ತು. ನಸುಕಿನ ಮೂರು ಗಂಟೆಗೆ ಅವಳಿಗೆ ಉಚ್ಚೆ ಬಂದಾಗ ಇಳಿಸುವುದು ಮಾತ್ರ ದೇವರಿಗೇ ಪ್ರೀತಿ. ಎರಡನೆಯ ಚಳಿಗಾಲಕ್ಕೆ ಬಡಗಿಯ ಬಳಿ 2,800 ರೂಪಾಯಿ ಕೊಟ್ಟು ಇಳಿಜಾರು ಹಲಗೆ ಮಾಡಿಸಿದೆ. ಮೇಲೆ ಸೆಣಬಿನ ಚೀಲ ಹೊಡೆಸಿದ್ದೆ, ಕಾಲು ಜಾರದಿರಲೆಂದು. ಅರ್ಧ ಹತ್ತಿದಳು, ಹಲಗೆ ಒಮ್ಮೆ ಕುಲುಕಿತು, ಅಲ್ಲಿಂದಲೇ ಹಾರಿದಳು. ಆ ಹಲಗೆ ಈಗ ನಮ್ಮ ಹಿತ್ತಿಲಲ್ಲಿ ಕುಂಬಳ ಬಳ್ಳಿಗೆ ಆಸರೆ.

ಇದೇ ಹೊತ್ತಿಗೆ ಒಂದು ಕೆರೆದಂಡೆಯ ಶಿಬಿರದಲ್ಲೂ ಉಳಿದು ನೋಡಿದೆವು. ಸಾಕುಪ್ರಾಣಿಗಳಿಗೆ ಸ್ವಾಗತ ಎಂಬ ದೊಡ್ಡ ಫಲಕ. ಒಳಗೆ ಹೋದ ಮೇಲೆ ನಾಯಿಗೆ 500 ರೂಪಾಯಿ ಬೇರೆ, ರಾತ್ರಿ ಅದನ್ನು ಜನರೇಟರ್ ಪಕ್ಕದ ಕಂಬಕ್ಕೇ ಕಟ್ಟಬೇಕಂತೆ. ಆ ಸ್ವಾಗತವನ್ನು ಅವರಿಗೇ ಬಿಟ್ಟು ಹೊರಟೆವು. ಅಂದಿನಿಂದ ನಾವು ಉಳಿಯುವುದು ಹಿನ್ನೀರಿನ ಒಬ್ಬ ರೈತರ ಹೊಲದ ಬದುವಿನಲ್ಲಿ. ರಾತ್ರಿಗೆ 400 ಕೊಡುತ್ತೇವೆ. ಬೋರಿನ ನೀರು, ಜನವರಿಯಾದರೆ ಕೆಂಡದಲ್ಲಿ ಸುಟ್ಟು ಕೈಯಲ್ಲಿ ತಿಕ್ಕಿದ ಎಳೆಜೋಳದ ಸೀತನಿ ಅವರ ಕಡೆಯಿಂದ, ನಮ್ಮ ಕಡೆಯಿಂದ ಸೋಲಾಪುರದ ಶೇಂಗಾ ಚಟ್ನಿ. ಮಿಂಚಿಯ ಕೊರಳಿಗೆ ಹತ್ತು ಮೀಟರ್ ಹಗ್ಗ, ಇನ್ನೊಂದು ತುದಿ ಗಾಡಿಯ ಕೊಕ್ಕೆಗೆ. ಇದರಲ್ಲಿ ರಾಜಿ ಇಲ್ಲ. ನೀರಂಚಿನಲ್ಲಿ ರಾಜಹಂಸಗಳು ಸಾಲುಗಟ್ಟಿ ನಿಂತಿರುತ್ತವೆ, ಇವಳು ಕಣ್ಣಿಗೆ ಬಿದ್ದದ್ದರ ಬೆನ್ನು ಹತ್ತುವ ಬೇಟೆನಾಯಿ.

ಇನ್ನೊಂದು ಮಾತು ಏಣಿಯದೇ. ಉಜನಿಯ ದಂಡೆ ಒಂದೆಡೆ ನಿಲ್ಲುವುದಿಲ್ಲ. ಜನವರಿಯಲ್ಲಿ ನೀರು ಇದ್ದ ಕಡೆ ಏಪ್ರಿಲ್‌ನಲ್ಲಿ ಬಿರುಕು ಬಿಟ್ಟ ಎರೆಮಣ್ಣು. ಉಪಯೋಗಕ್ಕೆ ಬರುವ ನೀರು ಮುಗಿದು ತಳದ ಸಂಗ್ರಹಕ್ಕೆ ಇಳಿಯಿತೆಂದರೆ "ಉಜನಿ ಮೈನಸ್" ಎಂದು ಪತ್ರಿಕೆಗಳು ಬರೆಯುತ್ತವೆ, ನಾವು ನಲ್ಲಿಯ ಕಡೆ ನೋಡುತ್ತೇವೆ. ಆಗ ಪಳಸದೇವದ ಮುಳುಗಡೆ ಗುಡಿಯೂ ಮೇಲೇಳುತ್ತದೆ. ನೋಡಲು ಚೆಂದವೇ. ಆದರೆ ಟೆಂಟಿನ ಹೊರಚಾಚಿದ ಅರ್ಧ ನಿಂತಿರುವುದು ಏಣಿಯ ಎರಡು ಕಾಲಿನ ಮೇಲೆ, ನೀರು ಆಗಷ್ಟೇ ಬಿಟ್ಟ ಎರೆಯಲ್ಲಿ ಅವು ರಾತ್ರಿಯಿಡೀ ಇಳಿಯುತ್ತವೆ. ಒಂದು ಬೆಳಿಗ್ಗೆ ಎದ್ದಾಗ ಮೂವರೂ ಒಂದೇ ಮೂಲೆಯಲ್ಲಿ ಉರುಳಿ ಬಿದ್ದಿದ್ದೆವು. ಈಗ ಮುರಿದ ಕೇರಂ ಬೋರ್ಡಿನ ಎರಡು ತುಂಡು ಸದಾ ಗಾಡಿಯಲ್ಲಿರುತ್ತವೆ.

ಟೆಂಟನ್ನು ಬೈಯುತ್ತಲೇ ಇದ್ದೇನೆ, ಅದರ ನ್ಯಾಯವನ್ನೂ ಹೇಳಬೇಕು. ಮೂರು ವರ್ಷದಲ್ಲಿ ಒಂದು ಹೊಲಿಗೆ ಬಿಟ್ಟಿಲ್ಲ. ಒಂದು ಜಿಪ್ ಹೋಯಿತು, ಬ್ಯಾಗ್ ಹೊಲಿಯುವವರು 350 ರೂಪಾಯಿಗೆ ಬದಲಿಸಿಕೊಟ್ಟರು. ಚಳಿಗಾಲದಲ್ಲಿ ಉಸಿರಿನ ತೇವ ಹಾಸಿಗೆಯ ಅಡಿಯಲ್ಲಿ ನೀರಾಗಿ ಕೂತು ಬೂಷ್ಟು ಹಿಡಿಯುತ್ತದೆ. ಹೆಂಡತಿ ಹಾಸಿಗೆಯ ಕೆಳಗೆ ಪ್ಲಾಸ್ಟಿಕ್ ಚಾಪೆ ಹಾಸಿದ ಮೇಲೆ ಗಾಳಿಯಾಡಿ ಆ ಕಾಟ ತಪ್ಪಿತು. ಮಲಗುವ ಚೀಲಗಳನ್ನು ನಾವು ಕೊಳ್ಳಲಿಲ್ಲ. ಸೋಲಾಪುರದವರಾಗಿ ಚಾದರ ಬಿಟ್ಟು ಚೀಲದಲ್ಲಿ ಮಲಗಿದರೆ ಊರಿಗೇ ಅವಮಾನ. ಗಾಡಿ ಓಡುವಾಗ ಮಾಡಿನ ಮೇಲೆ ಎಷ್ಟು ಭಾರ ಸರಿ ಎಂಬುದನ್ನು ಗಾಡಿಯ ಕೈಪಿಡಿಯಲ್ಲಿ ನೋಡಿಕೊಳ್ಳಿ. ನಿಂತಾಗ ಅದಕ್ಕಿಂತ ಬಹಳ ಹೆಚ್ಚು ತಡೆಯುತ್ತದೆ, ಆದರೆ ತಿರುವಿನಲ್ಲಿ ಎಳೆಯುವುದು ಓಡುವಾಗಿನ ಭಾರವೇ.

ಈಗಿನ ಏರ್ಪಾಡು ಹೀಗೆ. ತಾಯಿ ಮಗಳು ಮೇಲೆ, ನಾನು ಮತ್ತು ಮಿಂಚಿ ಕೆಳಗೆ, ಬೊಲೆರೊ ಹಿಂಭಾಗದಲ್ಲಿ ಸೀಟು ಮಡಚಿ. ಸೋತವನ ಉಪಾಯವೆಂದೇ ಶುರು ಮಾಡಿದ್ದು. ಅವಳು ಚಾದರದೊಳಗೆ ಮೂಗು ತೂರಿಸಿ, ಬೆನ್ನನ್ನು ನನ್ನ ಹೊಟ್ಟೆಗೆ ಒತ್ತಿ, ಒಂದು ದೀರ್ಘ ನಿಟ್ಟುಸಿರು ಬಿಟ್ಟು ಮಲಗುತ್ತಾಳೆ. ಮೇಲಿನವರು ಚಮಚದಿಂದ ಏಣಿಗೆ ತಟ್ಟುತ್ತಾರೆ: ಒಂದು ಸಲ ತಟ್ಟಿದರೆ ಟಾರ್ಚ್ ಬೇಕು, ಎರಡು ಸಲವಾದರೆ ಚಹಾ ಇಡಬೇಕು. ಮೂರು ಸಲವಾದರೆ ಏನೂ ಇಲ್ಲ, ಎಚ್ಚರವಿದ್ದೀರಾ ಎಂದು ಮಗಳು ಕೇಳುವುದು. ಅಲ್ಯೂಮಿನಿಯಂ ಸಣ್ಣ ಗಂಟೆಯಂತೆ ನುಡಿಯುತ್ತದೆ, ಮಿಂಚಿಯ ಕಿವಿ ನಿಮಿರುತ್ತದೆ. ಬೆಳಿಗ್ಗೆ ಸ್ಟವ್ ಮೇಲೆ ಹಾಲು ಉಕ್ಕುವವರೆಗೂ ಅವಳು ಎರಡನೆಯ ಮೆಟ್ಟಿಲ ಮೇಲೆ ಗದ್ದ ಊರಿ ಮೇಲಿನವರು ಇಳಿಯುವುದನ್ನೇ ಕಾಯುತ್ತಾಳೆ. ಹಿಂದೆ ಮಂಜಿನಲ್ಲಿ ಹಕ್ಕಿಗಳ ಗದ್ದಲ, ಹಕ್ಕಿಗಳು ಕಾಣುವುದಿಲ್ಲ.

ತೊಡೆಯ ಮೇಲೆ ಕೂರುವ ನಾಯಿ ನಿಮ್ಮದಾದರೆ ಧೈರ್ಯವಾಗಿ ಕೊಳ್ಳಿ. ಮೊಣಕಾಲು ದಾಟಿದ್ದಾದರೆ ಎಂಟು ಹತ್ತು ಸಾವಿರದ ನೆಲದ ಟೆಂಟೇ ಸಾಕು, ಉಳಿದದ್ದು ಡೀಸೆಲ್‌ಗೆ ಆಗುತ್ತದೆ. ನನ್ನದನ್ನು ಮಾರೋಣವೆಂದು ಎರಡು ಸಲ ಫೋಟೊ ತೆಗೆದೆ, ಎರಡು ಸಲವೂ ಮಗಳು ಅಳಿಸಿದಳು. ಸಿದ್ಧರಾಮೇಶ್ವರ ಜಾತ್ರೆ ಮುಗಿದ ವಾರಕ್ಕೆ ಮತ್ತೆ ಹೊರಡುವುದಿದೆ. ನಿನ್ನೆ ಏಣಿಯ ಎರಡನೆಯ ಮೆಟ್ಟಿಲಿಗೆ ಹಳೆಯ ಚಾದರದ ಪಟ್ಟಿ ಸುತ್ತಿ ಹೊಲಿದೆ. ಚಳಿಗೆ ಲೋಹ ಬಹಳ ತಣ್ಣಗಿರುತ್ತದೆ, ಅವಳ ಗದ್ದಕ್ಕೆ.