ಎಂಫಿಕ್ಸ್ ಹಲವು ವರ್ಷ ಬಳಸಿದ ಮೇಲೆ: ಚಿತ್ರಕ್ಕಿಂತ ಮೊದಲು ಡ್ರ್ಯಾಗ್ ನೋಡಿ

ಫ್ಲೂಯಿಡೈಸ್ಡ್ ಬೆಡ್, ಅಂದರೆ ಕೆಳಗಿನಿಂದ ಗ್ಯಾಸ್ ಊದಿ ತೇಲಿಸಿದ ಪುಡಿಯ ರಾಶಿ; ಅದರೊಳಗೆ ಗ್ಯಾಸ್ ಮತ್ತು ಕಣಗಳು ಹೇಗೆ ಓಡಾಡುತ್ತವೆ ಎಂದು ಲೆಕ್ಕ ಹಾಕುವ ಸಾಫ್ಟ್‌ವೇರ್ ಎಂಫಿಕ್ಸ್. ಇದನ್ನು ಬೆಳೆಸಿದ್ದು ಅಮೆರಿಕದ ಇಂಧನ ಇಲಾಖೆಯ ಪ್ರಯೋಗಾಲಯ ಎನ್‌ಇಟಿಎಲ್. ನೋಂದಣಿ ಮಾಡಿಕೊಂಡರೆ ಉಚಿತವಾಗಿ ಸಿಗುತ್ತದೆ, ಸೋರ್ಸ್ ಕೋಡ್ ಸಮೇತ. ಹಲವು ವರ್ಷಗಳಿಂದ ನನ್ನ ದಿನನಿತ್ಯದ ಕೆಲಸ ಇದರಲ್ಲೇ. ಈ ವಿಷಯ ಕಲಿಯಬೇಕೆನ್ನುವವರಿಗೆ ಇದನ್ನೇ ಮೊದಲು ಹೇಳುತ್ತೇನೆ.

ಇನ್‌ಸ್ಟಾಲ್ ಮಾಡುವುದು ಕಷ್ಟವಿಲ್ಲ. ಮೊದಲೆಲ್ಲ ಇನ್‌ಪುಟ್ ಫೈಲನ್ನು ಕೈಯಲ್ಲೇ ಬರೆಯಬೇಕಿತ್ತು. ಈಗ ಕಿಟಕಿ, ಬಟನ್ ಎಲ್ಲ ಇವೆ. ಲೆಕ್ಕ ಹಾಕುವ ಭಾಗ ಮಾತ್ರ ಇವತ್ತಿಗೂ ಫೋರ್ಟ್ರಾನ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಹಾಗಾಗಿ ನಿಮ್ಮದೇ ಸೂತ್ರ ಸೇರಿಸಬೇಕಾದರೆ ಸ್ವಲ್ಪ ಫೋರ್ಟ್ರಾನ್ ಬರಬೇಕು.

ಮೊದಲ ದೊಡ್ಡ ತೀರ್ಮಾನ ಮಾದರಿಯದ್ದು. ಕಣಗಳನ್ನೂ ಒಂದು ದ್ರವದಂತೆ ನೋಡುವುದು ಟೂ ಫ್ಲೂಯಿಡ್ ಮಾದರಿ. ಒಂದೊಂದು ಕಣವನ್ನೂ, ಅದರ ಒಂದೊಂದು ಡಿಕ್ಕಿಯನ್ನೂ ಲೆಕ್ಕ ಹಾಕುವುದು ಡಿಇಎಂ. ಡಿಇಎಂ ಮನಸ್ಸಿಗೆ ಹಿಡಿಸುತ್ತದೆ, ನಿಜ. ಆದರೆ ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ದುಂಡು ಬೆಡ್‌ನಲ್ಲಿ ಅರ್ಧ ಮಿಲಿಮೀಟರ್ ಕಣ ತುಂಬಿದರೆ ಸುಮಾರು 700 ಕೋಟಿ ಕಣಗಳಾಗುತ್ತವೆ! ಸಾಮಾನ್ಯ ಕಂಪ್ಯೂಟರ್‌ನಲ್ಲಿ ಅದು ಆಗದ ಮಾತು. ಚಿಕ್ಕ ಬೆಡ್‌ಗೆ ಡಿಇಎಂ, ದೊಡ್ಡದಕ್ಕೆ ಟೂ ಫ್ಲೂಯಿಡ್ ಎಂದು ನಾನು ಇಟ್ಟುಕೊಂಡಿದ್ದೇನೆ.

ಡಿಇಎಂನಲ್ಲಿ ಕಣಗಳ ಡಿಕ್ಕಿಯನ್ನು ಸ್ಪ್ರಿಂಗ್‌ನಂತೆ ಲೆಕ್ಕ ಹಾಕುತ್ತಾರೆ; ಆ ಸ್ಪ್ರಿಂಗ್‌ನ ಗಟ್ಟಿತನವನ್ನು ಬೇಕೆಂದೇ ಕಡಿಮೆ ಕೊಡುವ ರೂಢಿ ಇದೆ. ನೂರು ಪಟ್ಟು ತಗ್ಗಿಸಿದರೆ ಟೈಮ್‌ಸ್ಟೆಪ್, ಅಂದರೆ ಲೆಕ್ಕ ಒಂದು ಸಲಕ್ಕೆ ಮುಂದೆ ಹೋಗುವ ಸಮಯ, ಹತ್ತು ಪಟ್ಟು ದೊಡ್ಡದಾಗುತ್ತದೆ, ಲೆಕ್ಕ ಬೇಗ ಮುಗಿಯುತ್ತದೆ. ಗುಳ್ಳೆಗಳ ಓಟ ನೋಡಲು ಇದು ನಡೆಯುತ್ತದೆ. ಕಣದಿಂದ ಕಣಕ್ಕೆ ಶಾಖ ಹೋಗುವುದನ್ನೋ, ಅಂಟುವ ಪುಡಿಯನ್ನೋ ನೋಡುವಾಗ ಹಾಗೇ ಬಿಡಬೇಡಿ. ಮೆತ್ತಗಿನ ಕಣಗಳು ಜಾಸ್ತಿ ಹೊತ್ತು ತಾಗಿಕೊಂಡಿರುತ್ತವೆ, ಉತ್ತರ ಬದಲಾಗುತ್ತದೆ.

ಇಷ್ಟೆಲ್ಲಕ್ಕಿಂತ ಮುಖ್ಯ ಡ್ರ್ಯಾಗ್, ಅಂದರೆ ಗ್ಯಾಸ್ ಕಣವನ್ನು ಎಳೆಯುವ ಬಲ. ಪಟ್ಟಿಯಲ್ಲಿ ಹಲವು ಸೂತ್ರಗಳಿವೆ. ಗಿಡಾಸ್ಪೋ ಸೂತ್ರ ದಟ್ಟ ಜಾಗದಲ್ಲಿ 1952ರ ಎರ್ಗುನ್ ಸಮೀಕರಣವನ್ನೂ, ತೆಳು ಜಾಗದಲ್ಲಿ 1966ರ ವೆನ್-ಯು ಸೂತ್ರವನ್ನೂ ಹಿಡಿಯುತ್ತದೆ. ಗ್ಯಾಸ್ ಪಾಲು 0.8 ದಾಟುವ ಕಡೆ ಒಂದರಿಂದ ಇನ್ನೊಂದಕ್ಕೆ ಜಿಗಿತ. ಸ್ಯಾಮ್ಲಾಲ್-ಒಬ್ರಿಯನ್ ಸೂತ್ರದಲ್ಲಿ ಎರಡು ಸ್ಥಿರಾಂಕಗಳಿವೆ, 0.8 ಮತ್ತು 2.65. ಅವನ್ನು ಸುಮ್ನೆ ಹಾಗೇ ಬಿಡುವುದಲ್ಲ. ನಿಮ್ಮ ಪುಡಿ ಗ್ಯಾಸ್‌ನ ಯಾವ ವೇಗದಲ್ಲಿ ತೇಲಲು ಶುರುವಾಗುತ್ತದೆ ಎಂದು ಅಳೆದು, ಲೆಕ್ಕದಲ್ಲೂ ಅದೇ ವೇಗ ಬರುವಂತೆ ಹೊಂದಿಸಬೇಕು. ನನಗೆ ಈ ಸೂತ್ರವೇ ಇಷ್ಟ, ಏಕೆಂದರೆ ಅಳತೆಗೂ ಲೆಕ್ಕಕ್ಕೂ ಇಲ್ಲಿ ನೇರ ಸಂಬಂಧವಿದೆ.

ಒತ್ತಡದ ಇಳಿತ (ಬೆಡ್‌ನ ಕೆಳಗೂ ಮೇಲೂ ಇರುವ ಗ್ಯಾಸ್ ಒತ್ತಡದ ವ್ಯತ್ಯಾಸ) ಬೆಡ್‌ನ ತೂಕಕ್ಕೆ ಸರಿಹೋಯಿತು ಎಂದು ಖುಷಿಪಡುವವರು ತುಂಬ ಜನ. ಬೆಡ್ ತೇಲುತ್ತಿದ್ದರೆ ಯಾವ ಡ್ರ್ಯಾಗ್ ಕೊಟ್ಟರೂ ಅದು ಹೆಚ್ಚುಕಡಿಮೆ ಸರಿಯೇ ಬರುತ್ತದೆ, ಅಲ್ವಾ? ತೂಕವನ್ನು ಗ್ಯಾಸ್ ಹೊರಲೇಬೇಕಲ್ಲ. ನಿಜವಾದ ಪರೀಕ್ಷೆ ಬೆಡ್ ಎಷ್ಟು ಉಬ್ಬಿತು, ಒತ್ತಡ ಹೇಗೆ ಏರಿಳಿಯಿತು ಎನ್ನುವುದು.

ನುಣ್ಣನೆ ಪುಡಿಯಲ್ಲಿ, ಅಂದರೆ ಗೆಲ್ಡಾರ್ಟ್ 1973ರಲ್ಲಿ 'ಎ' ಗುಂಪು ಎಂದು ಕರೆದದ್ದರಲ್ಲಿ, ಇದು ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿ ಕಣಗಳು ಚಿಕ್ಕ ಚಿಕ್ಕ ಗುಂಪು ಕಟ್ಟುತ್ತವೆ. ಗ್ರಿಡ್, ಅಂದರೆ ಲೆಕ್ಕಕ್ಕಾಗಿ ಬೆಡ್ಡನ್ನು ಭಾಗ ಮಾಡಿದ ಚೌಕಗಳು, ದೊಡ್ಡದಾಗಿದ್ದರೆ ಆ ಗುಂಪುಗಳೇ ಕಾಣುವುದಿಲ್ಲ. ಡ್ರ್ಯಾಗ್ ವಿಪರೀತ ಬಂದು ಬೆಡ್ ಇರುವುದಕ್ಕಿಂತ ಜಾಸ್ತಿ ಉಬ್ಬುತ್ತದೆ. ಇದು ಎಂಫಿಕ್ಸ್ ಒಂದರ ತೊಂದರೆಯಲ್ಲ, ಟೂ ಫ್ಲೂಯಿಡ್ ವಿಧಾನದ್ದೇ. ಗ್ರಿಡ್ ಸಣ್ಣದು ಮಾಡಬೇಕು, ಇಲ್ಲವೇ ಕಾಣದ ಗುಂಪುಗಳ ಲೆಕ್ಕ ಹಿಡಿದು ಡ್ರ್ಯಾಗನ್ನು ತಿದ್ದುವ ಫಿಲ್ಟರ್ ಮಾದರಿ ಹಾಕಬೇಕು.

ಸೋರ್ಸ್ ಕೋಡ್ ತೆರೆದಿರುವುದರ ಬೆಲೆ ತಿಳಿಯುವುದು ಇಂಥ ಹೊತ್ತಿನಲ್ಲೇ. ಡ್ರ್ಯಾಗ್ ಬರೆದಿರುವ ಫೈಲ್ ತೆರೆದು ಯಾವ ಸಾಲು ಏನು ಮಾಡುತ್ತಿದೆ ಎಂದು ಓದಬಹುದು. ಬೇಕಾದರೆ ಬದಲಿಸಿ ಮತ್ತೆ ಬಿಲ್ಡ್ ಮಾಡಬಹುದು. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ನಿಮ್ಮ ಹತ್ತಿರ ಅಳತೆಯ ಒಂದು ಅಂಕಿಯೂ ಇಲ್ಲದಿದ್ದರೆ ಮಾತ್ರ ಸ್ವಲ್ಪ ತಡೆಯಿರಿ. ಕಡೇಪಕ್ಷ ಪುಡಿಯ ಗಾತ್ರ, ಸಾಂದ್ರತೆ, ತೇಲಲು ಶುರುವಾಗುವ ವೇಗ, ಈ ಮೂರನ್ನು ಮೊದಲು ಅಳೆದುಕೊಳ್ಳಿ. ಆಮೇಲೆ ಇನ್‌ಸ್ಟಾಲ್ ಮಾಡಿ.