ಜಂಪ್ಡ್ ಪದದ ಕೊನೆಗೆ ‘ಟಿ’ ಏಕಿಲ್ಲ? ಕಲಿಸುವ ನಾಲ್ಕು ದಾರಿಗಳ ಹೋಲಿಕೆ

ಇಂಗ್ಲಿಷ್ ಬರೆಯಲು ಕಲಿಯುತ್ತಿರುವ ಮಗು ‘ಜಂಪ್ಡ್’ ಪದವನ್ನು ಜೆ-ಯು-ಎಂ-ಪಿ-ಟಿ ಎಂದು ಬರೆದರೆ ಅದರ ಕಿವಿ ಚುರುಕಾಗಿದೆ ಎಂದು ತಿಳಿಯಬೇಕು. ಆ ಪದದ ಕೊನೆಯಲ್ಲಿ ನಮ್ಮ ಬಾಯಿ ಹೊರಡಿಸುವುದು ‘ಟ್’ ಸದ್ದನ್ನೇ. ‘ಪ್ಲೇಡ್’ ಪದದಲ್ಲಿ ಅದೇ ಜಾಗದಲ್ಲಿ ‘ಡ್’ ಕೇಳಿಸುತ್ತದೆ, ‘ವಾಂಟೆಡ್’ ಪದದಲ್ಲಿ ‘ಇಡ್’. ಸದ್ದು ಮೂರಾದರೂ ಬರೆಯುವುದು ಒಂದೇ ಬಗೆ: ಇ-ಡಿ. ಕೆಲಸ ಮುಗಿದುಹೋಗಿದೆ ಎಂಬ ಅರ್ಥವನ್ನು ಹಿಡಿದು ನಿಂತ ಸ್ಪೆಲ್ಲಿಂಗ್ ಇದು. ಕೇಳಿದ್ದನ್ನು ಬರೆಯಲು ಈಗಷ್ಟೇ ಕಲಿತ ಮಗುವಿಗೆ ‘ಇಲ್ಲಿ ಮಾತ್ರ ಕಿವಿಯನ್ನು ಪೂರ್ತಿ ನಂಬಬೇಡ’ ಎಂದು ಹೇಳುವುದು ಹೇಗೆ ಎಂಬುದೇ ಕಲಿಸುವವರ ತಲೆನೋವು.

ನನ್ನ ಮುಂದೆ ಇಬ್ಬರು ಮಕ್ಕಳಿದ್ದರು: ಎಂಟು ವರ್ಷದ ಮಗಳು, ಆರು ವರ್ಷದ ತಮ್ಮನ ಮಗ. ಇಬ್ಬರ ಮೇಲೂ ನಾಲ್ಕು ದಾರಿಗಳನ್ನು ಪ್ರಯೋಗಿಸಿದೆ. ಪದಪಟ್ಟಿಯ ಬಾಯಿಪಾಠ, ನಿಯಮಗಳ ಚಾರ್ಟ್, ಸದ್ದಿನ ವಿಂಗಡಣೆ ಮತ್ತು ಮೂಲ ಪದಕ್ಕೆ ಪ್ರತ್ಯಯವನ್ನು ಕೂಡಿಸುವ ಲೆಕ್ಕ. ನಡುವೆ ಒಂದು ಮೊಬೈಲ್ ಆಟವೂ ಬಂದು ಹೋಯಿತು.

ಕಲಿಸಿದ ಪದವನ್ನು ಸರಿಯಾಗಿ ಬರೆದರೆ ನಾನು ಅಂಕ ಕೊಡಲಿಲ್ಲ. ಕಲಿಸದ ಪದವನ್ನು, ಅದರಲ್ಲೂ ಜಗತ್ತಿನಲ್ಲೇ ಇಲ್ಲದ ಪದವನ್ನು ಬರೆಯಬಲ್ಲರೇ ಎಂದು ನೋಡಿದೆ. ಈ ಉಪಾಯ ನನ್ನದಲ್ಲ. ಜೀನ್ ಬರ್ಕೊ ಎಂಬ ಅಮೆರಿಕದ ಭಾಷಾವಿಜ್ಞಾನಿ 1958ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ‘ರಿಕ್’ ಎಂಬಂಥ ಹುಸಿ ಕ್ರಿಯಾಪದಗಳನ್ನು ಕೊಟ್ಟು ‘ನಿನ್ನೆ ಅವನು ಏನು ಮಾಡಿದ?’ ಎಂದು ಪುಟ್ಟ ಮಕ್ಕಳನ್ನು ಕೇಳಿದ್ದರು. ಅವರದು ಬಾಯಿಮಾತಿನ ಪರೀಕ್ಷೆ. ನಾನು ಅದನ್ನೇ ಕಾಗದಕ್ಕೆ ಇಳಿಸಿದೆ.

ಬಾಯಿಪಾಠದ ವಿಷಯದಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಪಟ್ಟಿ ಕೊಟ್ಟು, ಓದಿಸಿ, ಉಕ್ತಲೇಖನ ಬರೆಸಿದರೆ ಮಗಳ ಪುಟದಲ್ಲಿ ಒಂದೂ ತಪ್ಪಿರುವುದಿಲ್ಲ. ‘ಸ್ಟಾಪ್ಡ್’ಗೆ ಎರಡು ಪಿ ಹಾಕಿದ ಹುಡುಗಿ, ಪಟ್ಟಿಯಲ್ಲಿಲ್ಲದ ‘ಡ್ರಾಪ್ಡ್’ಗೆ ಒಂದೇ ಪಿ ಹಾಕುತ್ತಾಳೆ. ಪಟ್ಟಿ ಅವಳಿಗೆ ಪದಗಳನ್ನು ಕೊಟ್ಟಿತು, ಆ ಪದಗಳು ಹುಟ್ಟುವ ಬಗೆಯನ್ನು ಕೊಡಲಿಲ್ಲ. ಹಾಗೆಂದು ಬಾಯಿಪಾಠವನ್ನು ಪೂರ್ತಿ ತಳ್ಳಿಹಾಕಲೂ ಆಗದು. ಸೆಡ್, ಪೇಡ್, ಲೇಡ್, ಕೆಪ್ಟ್, ಸ್ಲೆಪ್ಟ್, ವೆಂಟ್ ಮುಂತಾದವನ್ನು ಬೇರೆ ಯಾವ ದಾರಿಯೂ ಕಲಿಸಲಾರದು. ಅಷ್ಟಕ್ಕೆ ಪಟ್ಟಿ ಸಾಕು, ಅಷ್ಟಕ್ಕೆ ಮಾತ್ರ ಸಾಕು.

ನಿಯಮಗಳ ಚಾರ್ಟ್ ನೋಡಲು ಬಹಳ ಅಚ್ಚುಕಟ್ಟು. ಕೊನೆಯ ಮೂಕ ಇ ಬಿಡು, ಕೊನೆಯ ವ್ಯಂಜನವನ್ನು ಇಮ್ಮಡಿಸು, ವೈ ಇದ್ದರೆ ಐ ಮಾಡು, ಎಸ್, ಎಕ್ಸ್, ಝೆಡ್, ಸಿಎಚ್, ಎಸ್‌ಎಚ್ ಬಂದರೆ ಇ-ಎಸ್ ಸೇರಿಸು. ಗೋಡೆಗೆ ಅಂಟಿಸಿದ ದಿನ ದೊಡ್ಡವರಿಗೆ ಆಗುವ ಸಮಾಧಾನವೇ ಬೇರೆ! ಮಕ್ಕಳಿಗೆ ಅದು ಗೋಡೆಯ ಅಲಂಕಾರವಷ್ಟೇ. ಬರೆಯುವ ಹೊತ್ತಿನಲ್ಲಿ ಯಾವ ನಿಯಮವನ್ನು ಕರೆಯಬೇಕು ಎಂಬುದನ್ನು ಚಾರ್ಟ್ ಹೇಳುವುದಿಲ್ಲ. ಆರು ವರ್ಷದವನಿಗಂತೂ ಸ್ವರಾಕ್ಷರ ಯಾವುದು, ವ್ಯಂಜನ ಯಾವುದು ಎಂದು ಎಣಿಸುವಷ್ಟರಲ್ಲಿ ಬರೆಯಬೇಕಾದ ವಾಕ್ಯವೇ ಮರೆತುಹೋಗುತ್ತಿತ್ತು.

ಆದರೆ ಎಂಟು ವರ್ಷದವಳಿಗೆ ಇಮ್ಮಡಿಸುವ ನಿಯಮವೊಂದು ಬಲು ರುಚಿಸಿತು. ಪದಕ್ಕೆ ಒಂದೇ ಉಚ್ಚಾರಾಂಶ, ನಡುವೆ ಒಂದೇ ಸ್ವರಾಕ್ಷರ, ಕೊನೆಯಲ್ಲಿ ಒಂದೇ ವ್ಯಂಜನ. ಈ ಮೂರು ‘ಒಂದು’ಗಳೂ ಕೂಡಿಬಂದರೆ ಮಾತ್ರ ಐ-ಎನ್-ಜಿ, ಇ-ಡಿ ಸೇರುವ ಮುನ್ನ ಕೊನೆಯ ಅಕ್ಷರ ಎರಡಾಗುತ್ತದೆ. ‘ರನ್’ ಎರಡು ಎನ್ ಪಡೆಯುತ್ತದೆ. ‘ರೇನ್’ ಪಡೆಯುವುದಿಲ್ಲ, ಅಲ್ಲಿ ಎ ಮತ್ತು ಐ ಎರಡಿವೆ. ‘ಜಂಪ್’ ಸಹ ಪಡೆಯುವುದಿಲ್ಲ, ಕೊನೆಯಲ್ಲಿ ಎಂ ಮತ್ತು ಪಿ ಎರಡಿವೆ. ‘ಹಾಗಾದರೆ ಫಿಕ್ಸ್‌ಗೆ ಎರಡು ಎಕ್ಸ್ ಏಕಿಲ್ಲ ಅಮ್ಮ?’ ಎಂದು ತಾನಾಗಿ ಕೇಳಿದಳು. ಎಕ್ಸ್ ಒಂದೇ ಅಕ್ಷರವಾದರೂ ‘ಕ್’, ‘ಸ್’ ಎಂಬ ಎರಡು ಸದ್ದನ್ನು ಹೊತ್ತಿದೆ, ಅದಾಗಲೇ ಇಮ್ಮಡಿ ಎಂದೆ. ಮುಂದೆ ‘ಕ್ವಿಟ್’ ಹಿಡಿದು ಬಂದಳು. ಅದರಲ್ಲಿ ಯು, ಐ ಎರಡು ಸ್ವರಾಕ್ಷರವಿದ್ದರೂ ‘ಕ್ವಿಟಿಂಗ್’ಗೆ ಎರಡು ಟಿ ಬೀಳುತ್ತವೆ, ಏಕೆಂದರೆ ಕ್ಯೂ ಜೊತೆ ಬಂದ ಯು ‘ವ್’ ಎಂಬ ವ್ಯಂಜನದ ಕೆಲಸ ಮಾಡುತ್ತದೆ. ಇಂಥ ತಗಾದೆಗಳಲ್ಲಿ ಸುಖಪಡುವ ಮಕ್ಕಳಿಗೆ ನಿಯಮ ಒಗ್ಗುತ್ತದೆ, ಉಳಿದವರಿಗೆ ಅದು ಇನ್ನೊಂದು ಬಾಯಿಪಾಠ.

ಸಣ್ಣವನಿಗೆ ಕೈಹಿಡಿದದ್ದು ಸದ್ದಿನ ವಿಂಗಡಣೆ. ಕಿಕ್ಡ್, ವಾಶ್ಡ್, ಲಾಫ್ಡ್, ಹಗ್ಡ್, ರೇನ್ಡ್, ನೀಡೆಡ್, ಪೇಂಟೆಡ್ ಹೀಗೆ ಚೀಟಿಗಳನ್ನು ಮಾಡಿ, ನಾನು ಓದುವುದು, ಅವನು ಕೇಳಿ ಗುಂಪಿಗೆ ಹಾಕುವುದು. ‘ಟ್’ ಒಂದು ಗುಂಪು, ‘ಡ್’ ಒಂದು, ‘ಇಡ್’ ಇನ್ನೊಂದು. ಇಲ್ಲಿ ಓದುವವರು ಎಚ್ಚರವಾಗಿರಬೇಕು. ಚೀಟಿಯಲ್ಲಿರುವ ಡಿ ಅಕ್ಷರ ಕಣ್ಣಿಗೆ ಬಿದ್ದೊಡನೆ ನಾಲಿಗೆ ‘ಡ್’ ಎಂದುಬಿಡುತ್ತದೆ. ಪದವನ್ನು ವಾಕ್ಯದೊಳಗೆ ಇಟ್ಟು ಸಹಜ ವೇಗದಲ್ಲಿ ಹೇಳಿದರೆ ಸರಿಯಾದ ಸದ್ದು ಬರುತ್ತದೆ.

ಮೂಲ ಪದದ ಕೊನೆಯ ಸದ್ದಿನ ಮೇಲೆ ಎಲ್ಲವೂ ನಿಂತಿದೆ. ಗಂಟಲಿನ ಮೇಲೆ ಬೆರಳಿಟ್ಟು ‘ಕ್’, ‘ಪ್’, ‘ಸ್’, ‘ಶ್’, ‘ಚ್’, ‘ಫ್’ ಎಂದರೆ ಅದುರುವುದಿಲ್ಲ, ಅಂಥವುಗಳ ಮುಂದೆ ‘ಟ್’ ಕೇಳಿಸುತ್ತದೆ. ‘ಗ್’, ‘ನ್’, ‘ಲ್’ ಎಂದರೆ ಅಥವಾ ಸ್ವರ ಹೇಳಿದರೆ ಗಂಟಲು ಅದುರುತ್ತದೆ, ಅಲ್ಲಿ ‘ಡ್’. ಮೂಲ ಪದವೇ ‘ಟ್’ ಅಥವಾ ‘ಡ್’ನಲ್ಲಿ ಮುಗಿದರೆ ‘ಇಡ್’. ಹುಡುಗ ಗಂಟಲು ಮುಟ್ಟಿಕೊಳ್ಳುವುದನ್ನೇ ಆಟ ಮಾಡಿಕೊಂಡ. ಗುಂಪು ಮಾಡಿದ ಮೇಲೆ ಎಲ್ಲ ಚೀಟಿಗಳನ್ನೂ ಕೊನೆಯ ಎರಡು ಅಕ್ಷರ ಮಾತ್ರ ಕಾಣುವಂತೆ ಮಡಚಿಟ್ಟೆ. ಮೂರು ಗುಂಪು, ಎಲ್ಲೆಲ್ಲೂ ಇ-ಡಿ. ನಾನು ಬಾಯಿ ತೆರೆಯುವ ಮುನ್ನವೇ ಅವನಿಗೆ ವಿಷಯ ಹೊಳೆಯಿತು.

ಹೊಳೆದದ್ದು ಅತಿಯಾಗಿಯೂ ಹೊಳೆಯಿತು. ‘ಸಾಫ್ಟ್’ ಪದವನ್ನು ಎಸ್-ಒ-ಎಫ್-ಇ-ಡಿ ಎಂದು ಬರೆಯತೊಡಗಿದ. ಇದು ಅವನೊಬ್ಬನ ಕಥೆಯಲ್ಲ. ಟೆರೆಜಿನಾ ನೂನ್ಸ್, ಪೀಟರ್ ಬ್ರಯಂಟ್ ಮತ್ತು ಮಿರಿಯಂ ಬಿಂಡ್‌ಮನ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಹಂತವನ್ನೇ ಗುರುತಿಸಿದ್ದಾರೆ. ಮಕ್ಕಳು ಮೊದಲು ಸದ್ದಿನಂತೆ ಬರೆಯುತ್ತಾರೆ. ಆಮೇಲೆ ಇ-ಡಿಯನ್ನು ಕ್ರಿಯಾಪದವಲ್ಲದ ಪದಗಳಿಗೂ ಹಚ್ಚುತ್ತಾರೆ. ಬಳಿಕ ಕ್ರಿಯಾಪದಗಳಿಗಷ್ಟೇ ಹಚ್ಚಿದರೂ ‘ಸ್ಲೆಪ್ಟ್’ನಂಥ ಪದಗಳನ್ನೂ ಬಿಡುವುದಿಲ್ಲ. ಕೊನೆಗೆ ಸರಿಯಾದ ಜಾಗಕ್ಕೆ ಬರುತ್ತಾರೆ. ಆದ್ದರಿಂದ ಕೆಂಪು ಶಾಯಿ ತೆಗೆಯದೆ ಒಂದೇ ಪ್ರಶ್ನೆ ಕೇಳಿದೆ: ‘ಇದು ಯಾರಾದರೂ ಮಾಡುವ ಕೆಲಸವೇ?’ ಸ್ವಲ್ಪ ಯೋಚಿಸಿ, ‘ಸಾಫ್ಟ್ ಮಾಡುವುದಕ್ಕೆ ಬರುವುದಿಲ್ಲ ಅತ್ತೆ, ಸಾಫ್ಟ್ ಆಗಿ ಇರಬಹುದು ಅಷ್ಟೇ’ ಎಂದ. ವ್ಯಾಕರಣ ಪುಸ್ತಕ ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ವಿಂಗಡಣೆಯ ಕೊರತೆಯೆಂದರೆ ಪ್ರತ್ಯಯವನ್ನು ಗುರುತಿಸಿ ಕೊಟ್ಟು ಸುಮ್ಮನಾಗುತ್ತದೆ. ಮೂಲ ಪದವೂ ಪ್ರತ್ಯಯವೂ ಕೂಡುವ ಜಾಗದಲ್ಲಿ ಏನಾಗುತ್ತದೆ ಎಂಬುದು ಅದರ ವ್ಯಾಪ್ತಿಯಲ್ಲಿಲ್ಲ. ತಪ್ಪುಗಳು ಹೆಚ್ಚಾಗಿ ಹುಟ್ಟುವುದು ಆ ಜಾಗದಲ್ಲೇ.

ಅಲ್ಲಿಗೆ ಕೂಡುವ ಲೆಕ್ಕವೇ ಬೇಕು. ಕಾಗದದ ಮೇಲೆ ‘ಹೋಪ್’ ಅನ್ನು ಎಚ್-ಒ-ಪಿ-ಇ ಎಂದು ಬರೆದು, ಕೂಡಿಸುವ ಚಿಹ್ನೆ ಹಾಕಿ, ಐ-ಎನ್-ಜಿ ಬರೆಯುವುದು. ಇ ಮೇಲೆ ಗೀಟು ಹೊಡೆದು, ‘ಎಚ್-ಒ-ಪಿ, ಇ ಹೋಯಿತು, ಐ-ಎನ್-ಜಿ ಬಂತು’ ಎಂದು ಜೋರಾಗಿ ಹೇಳುತ್ತ ಬಾಣದ ಗುರುತಿನ ಮುಂದೆ ಇಡೀ ಪದವನ್ನು ಬರೆಯುವುದು. ಕೆಳಗಿನ ಸಾಲಿನಲ್ಲಿ ‘ಹಾಪ್’, ಅಂದರೆ ಎಚ್-ಒ-ಪಿ. ಇಲ್ಲಿ ಹೋಗುವುದೇನೂ ಇಲ್ಲ, ಇನ್ನೊಂದು ಪಿ ಬರುತ್ತದೆ. ಎರಡು ಉತ್ತರಗಳನ್ನೂ ಒಂದರ ಕೆಳಗೊಂದು ನೋಡಿದಾಗ ಎರಡು ಪಿ ಯಾವ ಕೆಲಸಕ್ಕೆ ಬಂದಿವೆ ಎಂಬುದು ವಿವರಿಸದೆಯೇ ತಿಳಿಯುತ್ತದೆ. ಇನ್ನೊಂದು ಪಿ ಬಾರದಿದ್ದರೆ ಕುಪ್ಪಳಿಸುವುದು, ಆಶಿಸುವುದು ಎರಡೂ ಒಂದೇ ಪದವಾಗಿಬಿಡುತ್ತವೆ.

‘ಕ್ರೈ’ಗೆ ಇ-ಡಿ ಕೂಡಿಸಿದರೆ ವೈ ಹೋಗಿ ಐ ಬರುತ್ತದೆ, ಐ-ಎನ್-ಜಿ ಕೂಡಿಸಿದರೆ ವೈ ಅಲ್ಲಾಡುವುದಿಲ್ಲ. ಏಕೆಂದು ಕೇಳಿದವಳಿಗೆ ‘ಹಾಗೆಯೇ ಬರೆದು ನೋಡು’ ಎಂದೆ. ಎರಡು ಐ ಅಕ್ಕಪಕ್ಕ ನಿಂತದ್ದನ್ನು ಕಂಡು ಅವಳೇ ಅಳಿಸಿದಳು. ‘ಲೈ’, ‘ಡೈ’ ಪದಗಳಲ್ಲಿ ಇದೇ ಕಾರಣಕ್ಕೆ ಉಲ್ಟಾ ನಡೆದು ಐ-ಇ ಹೋಗಿ ವೈ ಬರುತ್ತದೆ.

ಲೆಕ್ಕವನ್ನು ಹಿಂದುಮುಂದಾಗಿಯೂ ಮಾಡಿಸಬೇಕು: ಪೂರ್ಣ ಪದ ಕೊಟ್ಟು ಮೂಲವನ್ನು ಹುಡುಕಿಸುವುದು. ಸಣ್ಣವನು ಉತ್ಸಾಹದಲ್ಲಿ ‘ಕಿಂಗ್’ ಪದವನ್ನೂ ಕೆ ಮತ್ತು ಐ-ಎನ್-ಜಿ ಎಂದು ಕತ್ತರಿಸಿದ. ಕೆ ಎಂಬ ಕೆಲಸ ಯಾವುದು ಎಂದು ಕೇಳಿದ ಮೇಲೆ ರಾಜನನ್ನು ಮತ್ತೆ ಜೋಡಿಸಿದ. ಈ ದಾರಿಗೆ ದೊಡ್ಡವರೊಬ್ಬರು ಪಕ್ಕದಲ್ಲಿ ಕೂರಲೇಬೇಕಾಗುವುದು ಇಂಥದ್ದಕ್ಕೇ. ಕೆಲಸವೂ ನಿಧಾನ, ಪಟ್ಟಿ ಓದಿಸುವ ಹೊತ್ತಿನಲ್ಲಿ ನಾಲ್ಕಾರು ಲೆಕ್ಕ ಮುಗಿದರೆ ಹೆಚ್ಚು.

ಆದರೂ ಹುಸಿ ಪದದ ಪರೀಕ್ಷೆಯಲ್ಲಿ ಉಳಿದವು ಹಿಂದೆ ಬಿದ್ದವು. ‘ಗ್ಲಾಪಿಂಗ್’ ಬರೆ ಎಂದಾಗ ಮಗಳು ಹಿಂದೆಮುಂದೆ ನೋಡದೆ ಎರಡು ಪಿ ಹಾಕಿದಳು, ‘ಗ್ಲೋಪಿಂಗ್’ಗೆ ಒಂದೇ. ಮೂಲ ಪದವನ್ನು ಪಕ್ಕದಲ್ಲಿ ಪೆನ್ಸಿಲಿನಿಂದ ತೆಳುವಾಗಿ ಬರೆದುಕೊಂಡಿದ್ದಳು, ಇ ಸಮೇತ. ‘ರಿಕ್’ ಕೊಟ್ಟಾಗ ಸಣ್ಣವನು ಬೆರಳನ್ನು ಗಂಟಲಿಗೆ ಒಯ್ದು ‘ಟ್’ ಎಂದು ಹೇಳಿ ಇ-ಡಿ ಬರೆದ.

ಮೊಬೈಲ್ ಆಟದ ಮಾತು ಎರಡೇ. ಅಕ್ಷರಗಳನ್ನು ಎಳೆದು ಇಡುವ ಆಟವಾದ್ದರಿಂದ ಗಂಟೆ ಬಾರಿಸುವವರೆಗೆ ಸುಮ್ಮನೆ ಜಾಗ ಬದಲಿಸುತ್ತಿದ್ದರು. ಜೊತೆಗೆ ಅದು ‘ಟ್ರಾವೆಲ್ಡ್’ಗೆ ಎರಡು ಎಲ್ ಹಾಕಿದ್ದನ್ನು ತಪ್ಪೆಂದಿತು. ಬ್ರಿಟಿಷ್ ಬರವಣಿಗೆಯಲ್ಲಿ ಎರಡು ಎಲ್, ಅಮೆರಿಕದ್ದರಲ್ಲಿ ಒಂದು, ಆ ಆಟಕ್ಕೆ ಅಮೆರಿಕದ್ದು ಮಾತ್ರ ಗೊತ್ತು.

ಆರರ ಆಸುಪಾಸಿನ ಮಗುವಿಗೆ ನಾನು ಸದ್ದಿನ ವಿಂಗಡಣೆಯನ್ನೂ, ಜಂಪ್, ಪ್ಲೇ, ಲುಕ್‌ನಂಥ ಏನೂ ಬದಲಾಗದ ಪದಗಳ ಕೂಡುವ ಲೆಕ್ಕವನ್ನೂ ಕೊಡುತ್ತೇನೆ. ಐ-ಎನ್-ಜಿ ಮೊದಲು, ಏಕೆಂದರೆ ಅದರ ಸದ್ದು ಪದದಿಂದ ಪದಕ್ಕೆ ಬದಲಾಗುವುದಿಲ್ಲ. ಎಂಟರ ಹೊತ್ತಿಗೆ ಬದಲಾಗುವ ಪದಗಳನ್ನು ತಂದು, ಲೆಕ್ಕ ಸಿಕ್ಕಿಹಾಕಿಕೊಂಡ ಕಡೆ ಮಾತ್ರ ನಿಯಮ ಹೇಳುತ್ತೇನೆ. ಐ-ಎನ್-ಜಿಗೆ ಇ ಬಿಡುವುದು, ಇಮ್ಮಡಿಸುವುದು ಬಂದರೆ ಇ-ಡಿಗೂ ಅದೇ ಸಲ್ಲುತ್ತದೆ. ಎಸ್ ಪ್ರತ್ಯಯ ಇವೆರಡನ್ನೂ ಕೇಳುವುದಿಲ್ಲ: ಹಾಪ್ಸ್, ಹೋಪ್ಸ್ ಎರಡರಲ್ಲೂ ಮೂಲ ಪದ ಇದ್ದಂತೆಯೇ ಇರುತ್ತದೆ. ‘ಬಿಗಿನಿಂಗ್’ಗೆ ಎರಡು ಎನ್ ಇದ್ದು ‘ವಿಸಿಟಿಂಗ್’ಗೆ ಒಂದೇ ಟಿ ಇರುವುದು ಪದದ ಯಾವ ಭಾಗದ ಮೇಲೆ ಒತ್ತು ಬೀಳುತ್ತದೆ ಎಂಬುದರಿಂದ. ಅದನ್ನು ಇನ್ನೂ ಕೆಲವು ತರಗತಿ ದಾಟಿದ ಮೇಲೆ ತೆಗೆದರೆ ಸಾಕು.